ಲೇಸರ್ ಲೆವೆಲಿಂಗ್ ಮಾಡಿಸಿದ ಗದ್ದೆಯಲ್ಲಿ ಭತ್ತ ಕೆಂಪಾದದ್ದೇಕೆ?

ಪ್ರಶ್ನೆ: ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ ನಮಗೆ ಏಳು ಎಕರೆ ಎರೆ ಭೂಮಿ ಇದೆ. ಕಳೆದ ಮೇ ತಿಂಗಳಲ್ಲಿ ಬಾಡಿಗೆ ಯಂತ್ರ ತರಿಸಿ ನಾಲ್ಕು ಎಕರೆಗೆ ಲೇಸರ್ ಲೆವೆಲಿಂಗ್, ಅಂದರೆ ಲೇಸರ್ ಕಿರಣದ ಮಟ್ಟ ಹಿಡಿದು ನೆಲ ಸಮಮಾಡುವ ಕೆಲಸ, ಮಾಡಿಸಿದೆ. ಈಶಾನ್ಯ ಮೂಲೆಯ ದಿಬ್ಬವನ್ನು ಗೇಣಿಗೆ ಸ್ವಲ್ಪ ಕಡಿಮೆ ಆಳಕ್ಕೆ ಕೆರೆದು ನೈರುತ್ಯದ ತಗ್ಗಿಗೆ ತುಂಬಿದರು. ಕೆರೆದಲ್ಲಿ ಬಿಳಿ ಹರಳುಗಳು ಕಾಣಿಸಿಕೊಂಡವು. ಮುಂಗಾರಿನಲ್ಲಿ ಸೋನಾ ಮಸೂರಿ ನಾಟಿ ಮಾಡಿ ಇಪ್ಪತ್ತು ದಿನವಾಗುವಷ್ಟರಲ್ಲಿ ಆ ಮೂಲೆಯ ಪೈರಿನ ಕೆಳಗಿನ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬಂದವು, ಪೈರು ಕುಳ್ಳಾಯಿತು, ಸರಿಯಾಗಿ ತೆಂಡೆ (ಬುಡದ ಮರಿ) ಒಡೆಯಲಿಲ್ಲ. ಇತ್ತ ತುಂಬಿಸಿದ ತಗ್ಗಿನಲ್ಲಿ ಮತ್ತೆ ನಾಲ್ಕು ಬೆರಳು ನೀರು ಹೆಚ್ಚಾಗಿ ನಿಲ್ಲುತ್ತಿದೆ. ಲೇಸರ್ ಕಾವಿಗೆ ಮಣ್ಣಿನ ಸತ್ವ ಸುಟ್ಟುಹೋಗುತ್ತದೆ, ಮೂರು ವರ್ಷ ಬೆಳೆ ಬರುವುದಿಲ್ಲ ಎಂದು ಪಕ್ಕದ ಹೊಲದವರು ಹೇಳುತ್ತಾರೆ. ಕಂಪ್ಯೂಟರ್ ಇರುವ ಯಂತ್ರ ತಪ್ಪುವುದೇ ಇಲ್ಲ ಎಂದು ಯಂತ್ರದವರು ಹೇಳುತ್ತಾರೆ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸತು (ಜಿಂಕ್) ಸಾಕಷ್ಟಿದೆ ಎಂದಿರುವುದರಿಂದ ಇದು ಜಿಂಕ್ ಕೊರತೆಯಲ್ಲ ಎಂದು ಗೊಬ್ಬರದ ಅಂಗಡಿಯವರು ಹೇಳುತ್ತಾರೆ. ಯಾರ ಮಾತು ನಿಜ? ಉಳಿದ ಮೂರು ಎಕರೆಯನ್ನು ಈ ಬೇಸಿಗೆಯಲ್ಲಿ ಮಾಡಿಸಬೇಕೇ, ಬೇಡವೇ?

ಉತ್ತರ: ಕೆಂಪಾದ ಮೂಲೆಗೂ ನೀರು ನಿಲ್ಲುವ ತಗ್ಗಿಗೂ ಕಾರಣ ಒಂದೇ ಇರಬೇಕೆಂಬ ಅನುಮಾನ ನಿಮ್ಮ ಪತ್ರದುದ್ದಕ್ಕೂ ಇದೆ. ನೀವು ಕೊಟ್ಟ ವಿವರಗಳನ್ನು ನೋಡಿದರೆ ಅವೆರಡೂ ಬೇರೆ ಬೇರೆ ತೊಂದರೆಗಳು, ಅವುಗಳ ಪರಿಹಾರವೂ ಬೇರೆ. ಮೂಲೆಯದು ಮಣ್ಣಿನ ತೊಂದರೆ, ತಗ್ಗಿನದು ಮಟ್ಟದ ತೊಂದರೆ. ಲೇಸರ್ ಬೆಳಕಿನ ಕಾವು ಇವೆರಡರಲ್ಲಿ ಯಾವುದಕ್ಕೂ ಕಾರಣವಲ್ಲ.

ಮೊದಲು ಬೆಳಕಿನ ವಿಷಯವನ್ನು ಮುಗಿಸೋಣ. ಹೊಲದ ಬದಿಯಲ್ಲಿ ಮೂರು ಕಾಲಿನ ಎತ್ತರದ ಸ್ಟ್ಯಾಂಡಿನ ಮೇಲೆ ಕೂರಿಸಿದ್ದ ಪೆಟ್ಟಿಗೆಯನ್ನು ನೀವು ನೋಡಿರುತ್ತೀರಿ. ಅದರಿಂದ ಹೊರಡುವ ಕಿರಣ ಟ್ರ್ಯಾಕ್ಟರಿನ ಛಾವಣಿಗೂ ಚಾಲಕನ ತಲೆಗೂ ತಾಗದಷ್ಟು ಎತ್ತರದಲ್ಲಿ ಹಾಯುತ್ತದೆ, ಟ್ರ್ಯಾಕ್ಟರಿನ ಹಿಂದೆ ಮಣ್ಣು ಕೆರೆಯುವ ಬಕೆಟ್ಟಿನ ಮೇಲೆ ನಿಲ್ಲಿಸಿದ ಕಂಬದ ತುದಿಯ ರಿಸೀವರಿಗೆ ಬೀಳುತ್ತದೆ. ನೆಲವನ್ನು ಅದು ಮುಟ್ಟುವುದೇ ಇಲ್ಲ. ಒಂದು ವೇಳೆ ಮುಟ್ಟಿದರೂ ಏನೂ ಆಗದು, ಏಕೆಂದರೆ ಈ ಉಪಕರಣಗಳಲ್ಲಿ ಬಳಸುವ ಕೆಂಪು ಲೇಸರಿನ ಶಕ್ತಿ ಸಾಮಾನ್ಯವಾಗಿ 5 ಮಿಲಿವ್ಯಾಟ್ ಮೀರುವುದಿಲ್ಲ. ನಡು ಮಧ್ಯಾಹ್ನ ಅಂಗೈಯಗಲದ ನೆಲದ ಮೇಲೆ ಬೀಳುವ ಬಿಸಿಲು ಸುಮಾರು 10 ವ್ಯಾಟ್, ಅಂದರೆ ಅದರ ಎರಡು ಸಾವಿರ ಪಟ್ಟು. ಮೇ ತಿಂಗಳ ರಾಯಚೂರಿನ ಬಿಸಿಲು ಸುಡದ ಮಣ್ಣನ್ನು ಈ ಕಿರಣ ಸುಡುವುದು ಸಾಧ್ಯವಿಲ್ಲ. ಅಪಾಯವಿರುವುದು ಕಣ್ಣಿಗೆ ಮಾತ್ರ: ಪೆಟ್ಟಿಗೆಯ ಕಿಂಡಿಯನ್ನು ಹತ್ತಿರದಿಂದ ದಿಟ್ಟಿಸಬಾರದು, ದುರ್ಬೀನಿನ ಮೂಲಕ ಅದರ ಕಡೆಗೆ ನೋಡಲೇಬಾರದು. ಹೊಲಕ್ಕೆ ಬರುವ ಮಕ್ಕಳಿಗೆ ಇದನ್ನು ಹೇಳಿಡಿ.

ಹಾಗೆಂದು ಪಕ್ಕದ ಹೊಲದವರು ಕಂಡದ್ದು ಸುಳ್ಳಲ್ಲ. ಲೆವೆಲಿಂಗ್ ಆದ ಮೇಲೆ ಕೆರೆದ ಜಾಗದಲ್ಲಿ ಒಂದೆರಡು ಬೆಳೆ ಸೊರಗುವುದನ್ನು ಗಂಗಾವತಿ, ಸಿರುಗುಪ್ಪ, ಮಾನ್ವಿ ಕಡೆಯ ಗದ್ದೆಗಳಲ್ಲಿ ನಾನೂ ಕಂಡಿದ್ದೇನೆ. ಅವರು ಕಂಡದ್ದು ಸರಿ, ಕೊಟ್ಟ ಕಾರಣ ತಪ್ಪು. ಸಾವಯವ ಅಂಶ, ಲಭ್ಯ ರಂಜಕ, ಸತು ಇವೆಲ್ಲ ಹೆಚ್ಚಾಗಿ ಶೇಖರವಾಗಿರುವುದು ಮೇಲಿನ 15 ಸೆಂ.ಮೀ. ಮಣ್ಣಿನಲ್ಲಿ. ವರ್ಷವರ್ಷ ಹಾಕಿದ ತಿಪ್ಪೆಗೊಬ್ಬರ, ಕೊಳೆತ ಕೂಳೆ ಎಲ್ಲ ಅಲ್ಲೇ ಉಳಿದಿರುತ್ತದೆ. ಗೇಣಿಗೆ ಸ್ವಲ್ಪ ಕಡಿಮೆ ಎಂದರೆ 18ರಿಂದ 20 ಸೆಂ.ಮೀ. ಎಂದಿಟ್ಟುಕೊಂಡರೆ, ನಿಮ್ಮ ಮೂಲೆಯ ಆ ಪದರ ಪೂರ್ತಿಯಾಗಿ ನೈರುತ್ಯದ ತಗ್ಗಿಗೆ ಹೋಗಿದೆ. ಈಗ ಭತ್ತ ಬೇರುಬಿಟ್ಟಿರುವುದು ಹಿಂದೆಂದೂ ಉಳುಮೆ ಕಾಣದ ಅಡಿಮಣ್ಣಿನಲ್ಲಿ. ಮೇಲೆ ಬಂದ ಬಿಳಿ ಹರಳು ಸುಣ್ಣದ ಹರಳು. ನಮ್ಮ ಎರೆ ಭೂಮಿಯ ಕೆಳಪದರದಲ್ಲಿ ಅದು ಸಾಮಾನ್ಯ. ಸುಣ್ಣ ಹೆಚ್ಚಿರುವ ಮಣ್ಣಿನ ರಸಸಾರ (ಪಿಎಚ್) 8ರ ಮೇಲಿರುತ್ತದೆ. ಅಂಥಲ್ಲಿ ಸತು, ರಂಜಕ ಇದ್ದರೂ ಬೇರಿಗೆ ದಕ್ಕುವ ರೂಪದಲ್ಲಿರುವುದಿಲ್ಲ.

ನಾಟಿಯಾದ ಎರಡರಿಂದ ನಾಲ್ಕು ವಾರಗಳೊಳಗೆ ಕೆಳಗಿನ ಎಲೆಗಳಲ್ಲಿ ತುಕ್ಕಿನ ಚುಕ್ಕೆ ಬರುವುದು, ಪೈರು ಗಿಡ್ಡಾಗುವುದು, ತೆಂಡೆ ಕಡಿಮೆಯಾಗುವುದು ಇವು ಸತುವಿನ ಕೊರತೆಯ ಲಕ್ಷಣಗಳು. ಮುಂದಿನ ಬೆಳೆಯಲ್ಲಿ ಇನ್ನೊಂದು ಗುರುತನ್ನೂ ನೋಡಿ: ಎಳೆಯ ಎಲೆಯ ಬುಡದಲ್ಲಿ ನಡುನರ ಬಿಳಿಚಿಕೊಂಡಿದ್ದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಸಾರಜನಕದ ಕೊರತೆಯಾಗಿದ್ದರೆ ಹಳೆಯ ಎಲೆ ಚುಕ್ಕೆಯಿಲ್ಲದೆ ಒಂದೇ ಸಮನೆ ಹಳದಿಯಾಗುತ್ತಿತ್ತು; ಸವುಳಿನ, ಅಂದರೆ ಉಪ್ಪಿನಂಶದ, ಬಾಧೆಯಾಗಿದ್ದರೆ ಎಲೆಯ ತುದಿ ಬೆಳ್ಳಗೆ ಒಣಗಿ, ಪೈರು ಅಲ್ಲಲ್ಲಿ ತೇಪೆತೇಪೆಯಾಗಿ ಸಾಯುತ್ತಿತ್ತು. ಆದರೂ ಕಣ್ಣಂದಾಜಿನಲ್ಲಿ ತೀರ್ಮಾನಿಸಬೇಡಿ, ಮಣ್ಣು ಪರೀಕ್ಷೆಗೆ ಕೊಡಿ.

ಇಲ್ಲಿ ಅಂಗಡಿಯವರ ವಾದ ಬರುತ್ತದೆ. ಕಾರ್ಡಿನಲ್ಲಿ ಸತು ಸಾಕಷ್ಟಿದೆ ಎಂದಿರುವುದು ಸುಳ್ಳಾಗಿರಬೇಕಿಲ್ಲ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ನೀರಾವರಿ ಪ್ರದೇಶಕ್ಕೆ 2.5 ಹೆಕ್ಟೇರಿಗೆ, ಅಂದರೆ ಸುಮಾರು ಆರು ಎಕರೆಗೆ ಒಂದು ಮಾದರಿ ಎಂಬ ಲೆಕ್ಕವಿತ್ತು. ಆ ಮಾದರಿ ನಿಮ್ಮ ಹೊಲದ ನಡುವಿನದೂ ಇರಬಹುದು, ಬದುವಿನಾಚೆಯದೂ ಇರಬಹುದು. ಅದಕ್ಕಿಂತ ಮುಖ್ಯವಾಗಿ, ಕಾರ್ಡಿನ ಮೇಲಿರುವ ದಿನಾಂಕವನ್ನು ನೋಡಿ. ಲೆವೆಲಿಂಗಿಗೆ ಮೊದಲು ತೆಗೆದ ಮಣ್ಣಾಗಿದ್ದರೆ ಆ ಕಾರ್ಡು ವರ್ಣಿಸುತ್ತಿರುವ ಮಣ್ಣು ಈಗ ಆ ಮೂಲೆಯಲ್ಲಿ ಇಲ್ಲವೇ ಇಲ್ಲ. ಕಾರ್ಡು ಸರಿ, ಜಾಗ ಬದಲಾಗಿದೆ.

ಸತುವನ್ನು ಅಳೆಯುವ ಉಪಕರಣವೂ ಬೆಳಕನ್ನೇ ಬಳಸುತ್ತದೆ. ಮಣ್ಣಿನಿಂದ ಇಳಿಸಿಕೊಂಡ ದ್ರಾವಣವನ್ನು ಉರಿಯುವ ಜ್ವಾಲೆಯೊಳಗೆ ಸಿಂಪಡಿಸಿ, ಸತುವಿನಿಂದಲೇ ಮಾಡಿದ ವಿಶೇಷ ದೀಪದ ಬೆಳಕನ್ನು ಜ್ವಾಲೆಯ ಮೂಲಕ ಹಾಯಿಸುತ್ತಾರೆ. ಜ್ವಾಲೆಯಲ್ಲಿರುವ ಸತುವಿನ ಪರಮಾಣುಗಳು 213.9 ನ್ಯಾನೋಮೀಟರ್ ತರಂಗದ ಬೆಳಕನ್ನು ಹೀರಿಕೊಳ್ಳುತ್ತವೆ. ಎಷ್ಟು ಬೆಳಕು ಕಡಿಮೆಯಾಯಿತೋ ಅದರಿಂದ ಸತು ಎಷ್ಟಿದೆ ಎಂದು ಲೆಕ್ಕ ಸಿಗುತ್ತದೆ. ಆಸ್ಟ್ರೇಲಿಯಾದ ಅಲನ್ ವಾಲ್ಶ್ 1955ರಲ್ಲಿ ಪ್ರಕಟಿಸಿದ ಈ ವಿಧಾನ ಇಂದಿಗೂ ಮಣ್ಣಿನ ಪ್ರಯೋಗಾಲಯಗಳ ಬೆನ್ನೆಲುಬಾಗಿದೆ. ಕಿಲೋ ಮಣ್ಣಿಗೆ 0.6 ಮಿಲಿಗ್ರಾಂ ಲಭ್ಯ ಸತುವಿಗಿಂತ ಕಡಿಮೆ ಇದ್ದರೆ ಕೊರತೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಇಷ್ಟು ಸೂಕ್ಷ್ಮ ಅಳತೆ ಕೆಡುವುದು ಹೆಚ್ಚಾಗಿ ಪ್ರಯೋಗಾಲಯದಲ್ಲಿ ಅಲ್ಲ, ಹೊಲದಲ್ಲಿ. ಸತುವಿನ ಲೇಪವಿರುವ ತಗಡಿನ ಬಕೆಟ್ಟಿನಲ್ಲಿ ಮಣ್ಣು ಕಲಸಿದರೆ ಬಕೆಟ್ಟಿನ ಸತುವೇ ಮಣ್ಣಿಗೆ ಸೇರಿ ಫಲಿತಾಂಶ ಸಾಕಷ್ಟು ಎಂದು ಬಂದುಬಿಡುತ್ತದೆ. ಪ್ಲಾಸ್ಟಿಕ್ ಬುಟ್ಟಿ ಬಳಸಿ. ಕೆರೆದ ಮೂಲೆ, ತುಂಬಿದ ತಗ್ಗು, ಹೆಚ್ಚು ಕೈಯಾಡದ ನಡುಭಾಗ, ಹೀಗೆ ಮೂರು ಮಾದರಿಗಳನ್ನು ಬೇರೆಬೇರೆಯಾಗಿ 15 ಸೆಂ.ಮೀ. ಆಳದಿಂದ ತೆಗೆಯಿರಿ, ಮೂರನ್ನೂ ಒಂದಾಗಿ ಕಲಸಬೇಡಿ. ರಸಸಾರ, ಲವಣಾಂಶ, ಸಾವಯವ ಇಂಗಾಲ, ರಂಜಕ, ಸತು, ಕಬ್ಬಿಣ ಇಷ್ಟನ್ನೂ ಕೇಳಿ. ಸೋಡಿಯಂ ಹೆಚ್ಚಿದೆಯೇ ಎಂಬುದನ್ನೂ ಕೇಳಿ, ಏಕೆಂದರೆ ಕಾಲುವೆಯ ಕೆಳಭಾಗದಲ್ಲಿ ಆ ಪ್ರಶ್ನೆಯನ್ನು ಬಿಡುವಂತಿಲ್ಲ.

ಕೊರತೆ ಖಚಿತವಾದರೆ ಮುಂದಿನ ನಾಟಿಗೆ ಮೊದಲು ಆ ಮೂಲೆಗೆ ಎಕರೆಗೆ 8ರಿಂದ 10 ಕೆ.ಜಿ. ಲೆಕ್ಕದಲ್ಲಿ ಜಿಂಕ್ ಸಲ್ಫೇಟ್ ಕೊಡಿ. ಅದನ್ನು ರಂಜಕವಿರುವ ಡಿಎಪಿ ಗೊಬ್ಬರದೊಂದಿಗೆ ಬೆರೆಸಿ ಎರಚುವ ರೂಢಿ ನಮ್ಮಲ್ಲಿದೆ. ಹಾಗೆ ಮಾಡಿದರೆ ಸತುವೂ ರಂಜಕವೂ ಪರಸ್ಪರ ಹಿಡಿದುಕೊಂಡು ಎರಡೂ ಪೈರಿಗೆ ಸಿಗುವುದಿಲ್ಲ. ಬೇರೆ ಬೇರೆ ದಿನ ಹಾಕಿ. ನಿಂತ ಬೆಳೆಯಲ್ಲಿ ಲಕ್ಷಣ ಕಂಡರೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್ ಮತ್ತು ಎರಡೂವರೆ ಗ್ರಾಂ ಸುಣ್ಣ ಬೆರೆಸಿ, ಸೋಸಿ, ಎಲೆಗೆ ಸಿಂಪಡಿಸುವುದು ತಾತ್ಕಾಲಿಕ ಉಪಾಯ. ಇವು ಒಂದು ಬೆಳೆಯನ್ನು ದಾಟಿಸುತ್ತವೆಯೇ ಹೊರತು ಹೋದ ಮೇಲ್ಮಣ್ಣನ್ನು ತರುವುದಿಲ್ಲ. ಅದಕ್ಕೆ ತಿಪ್ಪೆಗೊಬ್ಬರ ಬೇಕು, ಹಸಿರೆಲೆ ಗೊಬ್ಬರವಾಗಿ ಡಯಾಂಚ ಅಥವಾ ಸೆಣಬು ಬಿತ್ತಿ ಹೂವಾಡುವ ಹೊತ್ತಿಗೆ ಮಣ್ಣಿಗೆ ಸೇರಿಸಬೇಕು, ಕಾಲವೂ ಬೇಕು. ಇಡೀ ಹೊಲಕ್ಕೆ ಗೊಬ್ಬರ ಹರಡುವಷ್ಟು ಇಲ್ಲದಿದ್ದರೆ ಇದ್ದಷ್ಟನ್ನೂ ಆ ಮೂಲೆಗೇ ಹಾಕಿ, ಸಮನಾಗಿ ಹಂಚುವ ಹಂಗು ಬೇಡ. ರಸಸಾರ 8.5 ಮೀರಿ ಸೋಡಿಯಂ ಹೆಚ್ಚಿದೆ ಎಂದು ವರದಿ ಬಂದರೆ ಮಾತ್ರ ಜಿಪ್ಸಂ ವಿಚಾರ ಮಾಡಿ, ಪ್ರಮಾಣವನ್ನು ವರದಿಯ ಆಧಾರದ ಮೇಲೆ ನಿರ್ಧರಿಸಿ.

ಇನ್ನು ತಗ್ಗಿನ ಮಾತು. ಯಂತ್ರ ತಪ್ಪುವುದೇ ಇಲ್ಲ ಎನ್ನುವವರಿಗೆ ಯಂತ್ರ ಏನನ್ನು ಅಳೆಯುತ್ತದೆ ಎಂಬುದು ತಿಳಿದಿಲ್ಲ. ಪೆಟ್ಟಿಗೆಯೊಳಗಿನ ಲೇಸರ್ ನೆಟ್ಟಗೆ ಮೇಲ್ಮುಖವಾಗಿ ಕಿರಣ ಬಿಡುತ್ತದೆ. ತುದಿಯಲ್ಲಿ ತಿರುಗುವ ಐದು ಮೂಲೆಯ ಗಾಜಿನ ಪಟ್ಟಕ ಅದನ್ನು ಸರಿಯಾಗಿ 90 ಡಿಗ್ರಿ ಹೊರಳಿಸಿ ಅಡ್ಡಲಾಗಿ ಕಳಿಸುತ್ತದೆ. ಪಟ್ಟಕ ಸೆಕೆಂಡಿಗೆ ಸುಮಾರು ಹತ್ತು ಸುತ್ತು ಸುತ್ತುವುದರಿಂದ ಹೊಲದ ಮೇಲೆ ಕಣ್ಣಿಗೆ ಕಾಣದ ಒಂದು ಚಪ್ಪಟೆ ಹಾಸು ಏರ್ಪಡುತ್ತದೆ. ಗಂಟೆಗೆ ಐದಾರು ಕಿ.ಮೀ. ವೇಗದಲ್ಲಿ ಹೋಗುವ ಟ್ರ್ಯಾಕ್ಟರಿನ ಕಂಬಕ್ಕೆ ಸುಮಾರು 15 ಸೆಂ.ಮೀ.ಗೊಮ್ಮೆ ಕಿರಣ ತಾಗುತ್ತದೆ. ರಿಸೀವರಿನಲ್ಲಿ ಮೇಲಿಂದ ಕೆಳಗೆ ಜೋಡಿಸಿದ ಬೆಳಕಿನ ಕೋಶಗಳಲ್ಲಿ ಯಾವುದಕ್ಕೆ ಕಿರಣ ಬಿತ್ತು ಎಂಬುದನ್ನು ನೋಡಿ ನಿಯಂತ್ರಣ ಪೆಟ್ಟಿಗೆ ಹೈಡ್ರಾಲಿಕ್ ವಾಲ್ವನ್ನು ತೆರೆದು ಬಕೆಟ್ಟನ್ನು ಎತ್ತುತ್ತದೆ ಇಲ್ಲವೇ ಇಳಿಸುತ್ತದೆ. ಚಾಲಕನ ಎದುರು ಹಸಿರು ದೀಪ ಹತ್ತಿದರೆ ಕಂಬ ಆ ಬೆಳಕಿನ ಹಾಸಿಗೆ ಸರಿಹೊಂದಿದೆ ಎಂದಷ್ಟೇ ಅರ್ಥ. ಹಾಸು ವಾಲಿದ್ದರೆ ಹೊಲವೂ ವಾಲುತ್ತದೆ, ಆಗಲೂ ದೀಪ ಹಸಿರಾಗಿಯೇ ಇರುತ್ತದೆ.

ಹಾಸು ವಾಲುವುದಕ್ಕೆ ಕಾರಣಗಳು ಹಲವು. ಸ್ಟ್ಯಾಂಡಿನ ಒಂದು ಕಾಲು ಎರೆಯ ಬಿರುಕಿನ ಅಂಚಿನಲ್ಲಿ ಕೂತು ಮಧ್ಯಾಹ್ನದ ಹೊತ್ತಿಗೆ ಇಳಿದಿರಬಹುದು. ಹಿಂದಿನ ಹೊಲಕ್ಕೆ ಕೊಟ್ಟ ಇಳಿಜಾರಿನ ಅಂಕಿ ಪೆಟ್ಟಿಗೆಯಲ್ಲಿ ಹಾಗೇ ಉಳಿದಿರಬಹುದು. ಟ್ರಾಲಿಯಲ್ಲಿ ಕುಲುಕಾಡಿ ಉಪಕರಣದ ಹೊಂದಾಣಿಕೆ ಕೆಟ್ಟಿರಬಹುದು. ಮೇ ತಿಂಗಳಲ್ಲಿ ಎಲ್ಲರಿಗೂ ಒಮ್ಮೆಗೇ ಯಂತ್ರ ಬೇಕಾಗುವುದರಿಂದ ಪಕ್ಕದ ಹೊಲದಲ್ಲಿ ಇನ್ನೊಂದು ಪೆಟ್ಟಿಗೆ ತಿರುಗುತ್ತಿರುತ್ತದೆ. ಅದರ ಕಿರಣ ನಿಮ್ಮ ರಿಸೀವರಿಗೆ ಬಿದ್ದರೆ ಬಕೆಟ್ಟು ಯಾರದೋ ಮಟ್ಟಕ್ಕೆ ಕುಣಿಯುತ್ತದೆ. ಬಿಸಿಲ್ಗುದುರೆ ಕಾಣುವ ಹೊತ್ತಿನಲ್ಲಂತೂ ನೆಲದ ಮೇಲಿನ ಕಾದ ಗಾಳಿಯಲ್ಲಿ ಕಿರಣ ಬಾಗಿ ನಡುಗುತ್ತದೆ, ದೂರ ಹೆಚ್ಚಿದಷ್ಟೂ ನಡುಕ ಹೆಚ್ಚು. ಭೂಮಿ ದುಂಡಗಿರುವುದರಿಂದ ಬರುವ ವ್ಯತ್ಯಾಸ ನೂರು ಮೀಟರಿನಲ್ಲಿ ಒಂದು ಮಿಲಿಮೀಟರೂ ಇಲ್ಲ, ಮುನ್ನೂರರಲ್ಲಿ ಏಳು ಮಿಲಿಮೀಟರ್. ನಾಲ್ಕು ಎಕರೆಯ ಗದ್ದೆಯಲ್ಲಿ ಅದನ್ನು ಮರೆಯಬಹುದು.

ಉಪಕರಣವನ್ನು ಪರೀಕ್ಷಿಸುವುದು ಕಷ್ಟವಲ್ಲ, ಹದಿನೈದು ನಿಮಿಷದ ಕೆಲಸ. ಪೆಟ್ಟಿಗೆಯಿಂದ 50 ಮೀಟರ್ ದೂರದಲ್ಲಿ ಒಂದು ಗಟ್ಟಿ ಕಂಬದ ಮೇಲೆ ಕಿರಣ ಬೀಳುವ ಎತ್ತರಕ್ಕೆ ಗೀಟು ಹಾಕಿ. ಸ್ಟ್ಯಾಂಡನ್ನು ಅಲುಗಿಸದೆ ಪೆಟ್ಟಿಗೆಯನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಕೂರಿಸಿ, ಅದು ಮತ್ತೆ ತಾನೇ ಮಟ್ಟಕ್ಕೆ ಬರಲು ಬಿಟ್ಟು, ಎರಡನೆಯ ಗೀಟು ಹಾಕಿ. ಎರಡು ಗೀಟುಗಳ ನಡುವಿನ ಅಂತರದ ಅರ್ಧ ಆ ದಿಕ್ಕಿನಲ್ಲಿ ಉಪಕರಣದ ದೋಷ. ಅಂತರ 5 ಮಿ.ಮೀ. ಇದ್ದರೆ ನೂರು ಮೀಟರಿಗೆ 5 ಮಿ.ಮೀ. ದೋಷ, ಅದು ಗದ್ದೆಗೆ ನಡೆಯುತ್ತದೆ. ಅಂತರ 4 ಸೆಂ.ಮೀ. ಇದ್ದರೆ ಆ ಯಂತ್ರವನ್ನು ಹೊಲಕ್ಕೆ ಇಳಿಸಬೇಡಿ. ಕಾಲು ಸುತ್ತು ತಿರುಗಿಸಿ ಅಡ್ಡ ದಿಕ್ಕಿಗೂ ಹೀಗೆಯೇ ನೋಡಬೇಕು. ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುತ್ತಿರುವಾಗ ಈ ಹದಿನೈದು ನಿಮಿಷಕ್ಕೆ ರೈತರೇ ಅವಸರ ಮಾಡುತ್ತಾರೆ ಎಂಬುದು ಯಂತ್ರದವರ ದೂರು, ಅದರಲ್ಲಿ ಹುರುಳಿದೆ.

ನಿಮ್ಮ ಹೊಲದಲ್ಲಿ ದೋಷ ಎಲ್ಲಿಯದು ಎಂಬುದನ್ನು ಈಗಲೂ ಕಂಡುಹಿಡಿಯಬಹುದು. ಕೊಯ್ಲಾದ ಮೇಲೆ ಸರ್ವೆ ಮಾಡುವವರೊಬ್ಬರಿಂದ ಆಟೋ ಲೆವೆಲ್ (ಮಟ್ಟ ನೋಡುವ ದುರ್ಬೀನು) ಮತ್ತು ಅಳತೆಯ ಸ್ಟಾಫ್ (ಅಂಕಿ ಬರೆದ ಕೋಲು) ತರಿಸಿ, 15 ಮೀಟರಿಗೊಂದರಂತೆ ಚೌಕ ಹಾಕಿ ಮಟ್ಟ ಓದಿಸಿ. ನಾಲ್ಕು ಎಕರೆಗೆ 70ರ ಆಸುಪಾಸು ಬಿಂದುಗಳಾಗುತ್ತವೆ. ದುರ್ಬೀನಿನಿಂದ ಸ್ಟಾಫ್ ಓದುವ ಈ ವಿಧಾನ ಹಳೆಯದು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾದಾಗ ಲೇಸರ್ ಇನ್ನೂ ಹುಟ್ಟಿರಲಿಲ್ಲ; 1960ರಲ್ಲಿ ಅಮೆರಿಕದ ಥಿಯೋಡೋರ್ ಮೈಮನ್ ಮೊದಲನೆಯದನ್ನು ಬೆಳಗಿಸಿದರು. ಉಪಕರಣವನ್ನು ಹೊಲದ ನಡುವೆ ಇಟ್ಟರೆ ದೂರಗಳು ಹೆಚ್ಚುಕಡಿಮೆ ಸಮನಾಗಿ, ಅದರದೇ ಸಣ್ಣ ದೋಷವೂ ವಜಾ ಆಗುತ್ತದೆ. ಬಂದ ಅಂಕಿಗಳನ್ನು ಹಾಳೆಯ ಮೇಲೆ ಬರೆದು ನೋಡಿ. ಒಂದು ಬದಿಯಿಂದ ಇನ್ನೊಂದು ಬದಿಗೆ ಅಂಕಿಗಳು ಒಂದೇ ಸಮನೆ ಇಳಿಯುತ್ತ ಹೋದರೆ ಬೆಳಕಿನ ಹಾಸು ವಾಲಿತ್ತು ಎಂದರ್ಥ, ದೂರು ಕೊಡಲು ನಿಮಗೆ ಆಧಾರ ಸಿಗುತ್ತದೆ. ಅಲ್ಲಲ್ಲಿ ಗುಡ್ಡೆ, ಅಲ್ಲಲ್ಲಿ ಗುಳಿ ಇದ್ದರೆ ಚಾಲಕನ ವೇಗ ಹೆಚ್ಚಾಗಿತ್ತು ಅಥವಾ ಸುಡುಬಿಸಿಲಿನಲ್ಲಿ ಕೆಲಸ ನಡೆದಿದೆ. ಉಳಿದೆಡೆ ಎಲ್ಲ ಸಮನಾಗಿದ್ದು ತುಂಬಿದ ಜಾಗ ಮಾತ್ರ ತಗ್ಗಾಗಿದ್ದರೆ ಮಣ್ಣು ಕುಸಿದಿದೆ.

ನಿಮ್ಮ ವಿವರಣೆಗೆ ಹೊಂದುವುದು ಈ ಕೊನೆಯದು. ಒಣಗಿದ ಎರೆ ಮಣ್ಣು ಹೆಂಟೆಯಾಗಿ ಬರುತ್ತದೆ, ಹೆಂಟೆಗಳ ನಡುವೆ ಗಾಳಿ ತುಂಬಿರುತ್ತದೆ. ಗೇಣುದ್ದ ತುಂಬಿ ಮೇಲೆ ಸವರಿದ ದಿನ ಮಟ್ಟ ಸರಿಯಾಗಿಯೇ ಇರುತ್ತದೆ. ಕಾಲುವೆ ನೀರು ಹಾಯಿಸಿ ಕೆಸರು ಮಾಡಿದಾಗ ಹೆಂಟೆ ಕರಗಿ ಮಣ್ಣು ಇಳಿಯುತ್ತದೆ. ಇದರಲ್ಲಿ ಯಂತ್ರದ ತಪ್ಪಿಲ್ಲ. ಆಳವಾದ ತಗ್ಗನ್ನು ಪದರ ಪದರವಾಗಿ ತುಂಬಿ, ಒಮ್ಮೆ ನೀರುಣಿಸಿ, ಒಣಗಿದ ಮೇಲೆ ಎರಡನೆಯ ಸಲ ತೆಳುವಾಗಿ ಸವರಿಸಬೇಕು ಎಂಬುದನ್ನು ನಿಮಗೆ ಮೊದಲೇ ಹೇಳಬೇಕಿತ್ತು. ಈಗಲೂ ಆ ಭಾಗಕ್ಕೆ ಮಾತ್ರ ತೆಳು ಸವರಿಕೆ ಸಾಕು. ಅದಕ್ಕೆ ಬೇಕಾದ ಮಣ್ಣನ್ನು ಮಾತ್ರ ಈಶಾನ್ಯ ಮೂಲೆಯಿಂದ ಒಂದು ಬುಟ್ಟಿಯೂ ತೆಗೆಯಲು ಬಿಡಬೇಡಿ.

ಉಳಿದ ಮೂರು ಎಕರೆಯ ವಿಚಾರದಲ್ಲಿ ಲೆವೆಲಿಂಗ್ ಬೇಡ ಎಂದು ನಾನು ಹೇಳುವುದಿಲ್ಲ. ಒಂದು ಎಕರೆಯಲ್ಲಿ ಒಂದು ಸೆಂ.ಮೀ. ನೀರು ಎಂದರೆ ಸುಮಾರು 40 ಸಾವಿರ ಲೀಟರ್. ದಿಬ್ಬದ ತಲೆ ಮುಳುಗಿಸಲು ತಗ್ಗಿನಲ್ಲಿ ಹತ್ತು ಸೆಂ.ಮೀ. ಹೆಚ್ಚು ನಿಲ್ಲಿಸಬೇಕಾದ ಹೊಲಕ್ಕೂ ಎಲ್ಲೆಡೆ ಸಮನಾಗಿ ನಿಲ್ಲುವ ಹೊಲಕ್ಕೂ ಇರುವ ಅಂತರ ಕಾಲುವೆಯ ಕೊನೆಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಉತ್ತರ ಭಾರತದಲ್ಲಿ 2001ರ ಸುಮಾರಿಗೆ ಪಶ್ಚಿಮ ಉತ್ತರ ಪ್ರದೇಶದಿಂದ ಈ ವಿಧಾನ ಹಬ್ಬಿದ್ದು ನೀರಿನ ಉಳಿತಾಯದ ಕಾರಣಕ್ಕೇ. ಆದರೆ ಮಣ್ಣಿನ ಲೆಕ್ಕವನ್ನೂ ಹಾಕಿ: ಒಂದು ಎಕರೆಯಿಂದ ಒಂದು ಸೆಂ.ಮೀ. ಕೆರೆದರೆ 40 ಘನ ಮೀಟರ್, ತೂಕದಲ್ಲಿ 50 ಟನ್ನಿನಷ್ಟು ಮಣ್ಣು ಜಾಗ ಬದಲಿಸುತ್ತದೆ.

ಆದ್ದರಿಂದ ಯಂತ್ರ ಕರೆಸುವ ಮೊದಲು ಎತ್ತರದ ಜಾಗಗಳಲ್ಲಿ ನಾಲ್ಕೈದು ಕಡೆ ಮೊಣಕಾಲುದ್ದ ಗುಂಡಿ ತೋಡಿ ನೋಡಿ. ಕಪ್ಪು ಮಣ್ಣು ಆಳಕ್ಕೂ ಹಾಗೇ ಇದ್ದು, ಸರ್ವೆಯ ಪ್ರಕಾರ ಕೆರೆಯಬೇಕಾದ ಆಳ ಹತ್ತು ಸೆಂ.ಮೀ. ಒಳಗಿದ್ದರೆ ಧೈರ್ಯವಾಗಿ ಮಾಡಿಸಿ. ಗುಂಡಿಯಲ್ಲಿ ಒಂದಡಿಯೊಳಗೇ ಸುಣ್ಣದ ಹರಳು ಸಿಕ್ಕರೆ ಇಡೀ ಮೂರು ಎಕರೆಯನ್ನು ಒಂದೇ ಮಟ್ಟಕ್ಕೆ ತರುವ ಆಸೆ ಬಿಡಿ. ನಡುವೆ ಒಂದು ಬದು ಹಾಕಿ ಮೇಲೊಂದು ಕೆಳಗೊಂದು ಎರಡು ಮಡಿ ಮಾಡಿ, ಪ್ರತಿ ಮಡಿಯನ್ನೂ ಅದರದೇ ಸರಾಸರಿ ಮಟ್ಟಕ್ಕೆ ತನ್ನಿ. ಕೆರೆತ ಬಹಳಷ್ಟು ಕಡಿಮೆಯಾಗುತ್ತದೆ. ಇದಕ್ಕೆ ತೆರಬೇಕಾದದ್ದು ಬದುವಿಗೆ ಹೋಗುವ ಒಂದಿಷ್ಟು ನೆಲ ಮತ್ತು ಟ್ರ್ಯಾಕ್ಟರ್ ತಿರುಗಿಸುವ ರಗಳೆ. ಮೇಲ್ಮಣ್ಣನ್ನು ಮೊದಲು ಒಂದೆಡೆ ಗುಡ್ಡೆ ಹಾಕಿ, ಅಡಿಮಣ್ಣನ್ನು ಸಮಮಾಡಿ, ಮತ್ತೆ ಮೇಲ್ಮಣ್ಣು ಹರಡುವ ಕ್ರಮವೂ ಇದೆ. ಮಣ್ಣಿಗೆ ಅದು ಅತ್ಯುತ್ತಮ, ಆದರೆ ಯಂತ್ರದ ಗಂಟೆಗಳು ವಿಪರೀತ ಏರುವುದರಿಂದ ಸಣ್ಣ ದಿಬ್ಬಕ್ಕೆ ಮಾತ್ರ ಪರವಾಗಿಲ್ಲ. ಉಪಗ್ರಹ ಸಂಕೇತದಿಂದ ನಡೆಯುವ ಲೆವೆಲರುಗಳೂ ಈಗ ಬಂದಿವೆ. ಎತ್ತರದ ನಿಖರತೆಯಲ್ಲಿ ಅವು ಲೇಸರಿಗಿಂತ ಹಿಂದೆ, ಚಿಕ್ಕ ಗದ್ದೆಗೆ ಅವುಗಳ ಅಗತ್ಯವಿಲ್ಲ.

ಹಿಂಗಾರಿಗೆ ಕಾಲುವೆ ನೀರು ಖಚಿತವಿಲ್ಲದೆ ಜೋಳ, ಕಡಲೆ ಹಾಕುವ ಯೋಚನೆ ಇದ್ದರೆ ಪೂರ್ತಿ ಚಪ್ಪಟೆ ಮಾಡಿಸಬೇಡಿ. ಬಸಿಗಾಲುವೆಯ ಕಡೆಗೆ ನೂರು ಮೀಟರಿಗೆ 5ರಿಂದ 10 ಸೆಂ.ಮೀ. ಇಳಿಜಾರು ಕೊಡಿಸಿ, ಅಕಾಲ ಮಳೆಯ ನೀರು ಎರೆಯಲ್ಲಿ ನಿಂತು ಬೇರು ಕೊಳೆಯುವುದು ತಪ್ಪುತ್ತದೆ. ಸವುಳು ಈಗಾಗಲೇ ಕಾಣಿಸಿಕೊಂಡಿರುವ ಕಡೆ ಲೆವೆಲಿಂಗ್ ಒಂದರಿಂದಲೇ ಅದು ಹೋಗುವುದಿಲ್ಲ, ಬಸಿಗಾಲುವೆ ಆಗಬೇಕು.

ಯಂತ್ರದವರೊಂದಿಗೆ ಮಾತಾಡುವಾಗ ಮೂರು ಷರತ್ತು ಹಾಕಿ. ಸರ್ವೆ ಮಾಡಿ ಸರಾಸರಿ ಮಟ್ಟ ತೆಗೆಯದೆ ಬಕೆಟ್ಟು ಇಳಿಸಬಾರದು. ಕಣ್ಣಂದಾಜಿನ ಮಟ್ಟ ಮೂರು ಸೆಂ.ಮೀ. ತಪ್ಪಿದರೂ ಮೂರು ಎಕರೆಯಲ್ಲಿ ಸುಮಾರು 360 ಘನ ಮೀಟರ್ ಮಣ್ಣಿನ ಲೆಕ್ಕ ತಪ್ಪುತ್ತದೆ. ಪೆಟ್ಟಿಗೆಯನ್ನು ಅರ್ಧ ಸುತ್ತು ತಿರುಗಿಸುವ ಪರೀಕ್ಷೆಯನ್ನು ನಿಮ್ಮೆದುರೇ ಮಾಡಬೇಕು. ಕೆಲಸ ಬೆಳಗಿನ ಜಾವದಿಂದ ಹತ್ತು ಗಂಟೆಯೊಳಗೆ ಮತ್ತು ಸಂಜೆ ಬಿಸಿಲು ಇಳಿದ ಮೇಲೆ ಮಾತ್ರ ನಡೆಯಬೇಕು. ಮೂರನೆಯದಕ್ಕೆ ಅವರು ಸುಲಭವಾಗಿ ಒಪ್ಪುವುದಿಲ್ಲ, ಏಕೆಂದರೆ ನಡುಹಗಲು ಯಂತ್ರ ಖಾಲಿ ನಿಲ್ಲುವುದು ಅವರಿಗೆ ನಷ್ಟ. ಅದಕ್ಕೆ ಮೇ ತಿಂಗಳ ನೂಕುನುಗ್ಗಲಿಗೆ ಕಾಯದೆ, ಹಿಂದಿನ ಬೆಳೆ ಕೊಯ್ಲಾಗಿ ನೆಲ ಆರಿದ ಕೂಡಲೇ, ಬೇಡಿಕೆ ಕಡಿಮೆ ಇರುವಾಗಲೇ ದಿನ ಗೊತ್ತುಮಾಡಿಕೊಳ್ಳಿ.